ಪ್ರಾಣಿ ಕಂಡರೆ ಸಾಕು, ಗುಟ್ಟು ಹುಡುಕುವ ಫಾರ್ವರ್ಡ್‌ಗಳು: ನೀವೇನಂತೀರಿ?

ಗುಮ್ಮಟನಗರಿ (ವಿಜಯಪುರ)

ನಮ್ಮ ಕಡೆಯ ಗುಂಪುಗಳಲ್ಲಿ ಒಂದು ಉದ್ದನೆಯ ಚಿತ್ರ ಓಡಾಡುತ್ತಿದೆ. ನಿಮಗೂ ಬಂದಿರಬಹುದು. ಮೇಲೆ ಲಂಡನ್ ಬೀದಿಯಲ್ಲಿ ಮೈಯೆಲ್ಲ ರಕ್ತ ಮಾಡಿಕೊಂಡು ಓಡುವ ಬಿಳಿ ಕುದುರೆ. ಅದರ ಕೆಳಗೆ ಒಂದು ಇಂಗ್ಲಿಷ್ ವಾರಪತ್ರಿಕೆಯ ಮುಖಪುಟದ ಚಿಪ್ಪುಹಂದಿ. ಆಮೇಲೆ ಚೂಪು ಹಲ್ಲಿನ ಕಪ್ಪು ಮೀನು. ಕಡೆಗೆ ನಮ್ಮ ಭೂತರಾಮನಹಟ್ಟಿ ಮೃಗಾಲಯದಲ್ಲಿ ಸತ್ತ ಕೃಷ್ಣಮೃಗಗಳು. ನಾಲ್ಕಕ್ಕೂ ಕೆಂಪು ಬಾಣ ಎಳೆದು, "ತಿಳಿದವರಿಗೆ ಇಷ್ಟು ಸಾಕು" ಎಂದು ಬರೆದಿದ್ದಾರೆ. ಏನು ತಿಳಿಯಬೇಕು ಅಂತ ಎಲ್ಲೂ ಹೇಳಿಲ್ಲ.

ನಾನು ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ಮಕ್ಕಳು ಇದನ್ನು ಕ್ಲಾಸಿಗೆ ತರುತ್ತಾರೆ. "ಸರ್, ಇದರ ಒಳಗಿನ ಅರ್ಥ ಏನ್ರಿ?" ಎಂದು ನಿಜವಾಗಿ ಕೇಳುತ್ತಾರೆ. "ಅದೆಲ್ಲ ಸುಳ್ಳು, ಬಿಡ್ರಿ" ಅಂದರೆ ಅವರ ಪ್ರಶ್ನೆ ಮುಗಿಯುವುದಿಲ್ಲ. ಯಾಕಂದರೆ ಪ್ರಾಣಿಯ ಚಿತ್ರಕ್ಕೆ ಅರ್ಥ ಇರುತ್ತದೆ ಅಂತ ಅವರಿಗೆ ಕಲಿಸಿದ್ದೇ ನಾವು. ಚಾಲುಕ್ಯರ ವರಾಹ, ಕದಂಬರ ಸಿಂಹ, ರಾಷ್ಟ್ರಕೂಟರ ಗರುಡ, ಇವನ್ನೆಲ್ಲ ಪರೀಕ್ಷೆಯಲ್ಲಿ ಕೇಳುತ್ತೇವೆ. ಈಗ ಫೋನಿನಲ್ಲಿ ಬಂದ ಕುದುರೆಗೆ ಮಾತ್ರ ಅರ್ಥ ಇಲ್ಲ ಅಂದರೆ ಅವರು ಹೇಗೆ ಒಪ್ಪಬೇಕು?

ಹಾಗಾಗಿ ನಾನು ನಮ್ಮೂರ ಹಳೆಯ ಫಿರಂಗಿ ತೋಪಿನಿಂದ ಶುರು ಮಾಡಿದೆ. ಮಲಿಕ್-ಎ-ಮೈದಾನ್ ನೋಡಿದವರಿಗೆ ಗೊತ್ತು. ಅದರ ಬಾಯಿ ಒಂದು ಸಿಂಹದ ತಲೆ, ಕೆಲವರು ಮಕರ ಅನ್ನುತ್ತಾರೆ. ಬಾಯಿ ಅಗಲ ತೆರೆದಿದೆ. ಪಕ್ಕಕ್ಕೆ ನಿಂತು ಕೋರೆಹಲ್ಲಿನ ಹತ್ತಿರ ಕಣ್ಣಿಟ್ಟು ನೋಡಿದರೆ ಅಲ್ಲಿ ಪುಟ್ಟ ಆನೆ ಸಿಕ್ಕಿಕೊಂಡಿರುವುದು ಕಾಣುತ್ತದೆ. ದೂರದಿಂದ ನೋಡಿ ಹೋಗುವವರಿಗೆ ಆ ಆನೆ ಸಿಗುವುದೇ ಇಲ್ಲ. ಈ ಚಿತ್ರಕ್ಕೆ ಒಂದು ಅರ್ಥ ಹೇಳುವವರಿದ್ದಾರೆ: ಸಿಂಹ ಎಂದರೆ ಬಿಜಾಪುರ, ಆನೆ ಎಂದರೆ ವಿಜಯನಗರ, 1565ರ ತಾಳಿಕೋಟೆ ಯುದ್ಧದ ಗುಟ್ಟು ಇದರಲ್ಲಿದೆ ಅಂತ. ಕೇಳಲು ಬಹಳ ಚೆನ್ನಾಗಿದೆ. ಆದರೆ ತೋಪು ಎರಕ ಹೊಯ್ದದ್ದು 1549ರಲ್ಲಿ, ಅಹಮದ್‌ನಗರದಲ್ಲಿ. ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಅದು ಆಗ ನಿಜಾಮಶಾಹಿಯ ತೋಪು. ಬಿಜಾಪುರಕ್ಕೆ ಬಂದದ್ದು 17ನೇ ಶತಮಾನದಲ್ಲಿ, ಪರಂಡಾ ಕೋಟೆಯಿಂದ. ಅಂದಮೇಲೆ ಬಿಜಾಪುರದ ಗೆಲುವನ್ನು ಅದರಲ್ಲಿ ಯಾರು ಕೆತ್ತಿದರು? ಆನೆಯನ್ನು ಅದುಮಿದ ಸಿಂಹ ದಖ್ಖನಿನ ಎಷ್ಟೋ ಕೋಟೆಬಾಗಿಲುಗಳ ಮೇಲೆ ಇದೆ. ಶಕ್ತಿಯ ಗುರುತು ಅದು. ಅಷ್ಟು ಅರ್ಥ ಖಂಡಿತ ಇದೆ. ಅದಕ್ಕಿಂತ ಜಾಸ್ತಿ ಸೇರಿಸಿದ್ದು ನಾವು.

ಇಟ್ಟವರು ಇಟ್ಟ ಅರ್ಥ ಬೇರೆ, ಘಟನೆ ಆದ ಮೇಲೆ ನಾವು ತುಂಬಿದ ಅರ್ಥ ಬೇರೆ. ಇದನ್ನು ಬೇರೆ ಮಾಡಿ ನೋಡುವುದು ಹೇಗೆ ಅಂತ ಮಕ್ಕಳಿಗೆ ಕಲಿಸಬೇಕು ಅಂತ ನನ್ನ ಆಸೆ. ನಿಮ್ಮ ನಿಮ್ಮ ಕೆಲಸದಲ್ಲಿ ಕಂಡದ್ದನ್ನು ಹೇಳಿ. ಆ ಚಿತ್ರವನ್ನು ನಂಬುವವರೂ ಬರೆಯಿರಿ, ಯಾರನ್ನೂ ಹೀಯಾಳಿಸುವುದು ಬೇಡ.

ಸೂಚನೆ (ಜಮಖಂಡಿ)

ಸರ್, ನಂಬುವವರ ಕಡೆಯಿಂದ ನಾನೇ ಮೊದಲು ಬರೆಯುತ್ತೇನೆ. ಈ ಚಿತ್ರವನ್ನು ಮೂರು ಗುಂಪಿಗೆ ಕಳಿಸಿದವನು ನಾನು.

ನಮ್ಮ ಹಿರಿಯರು ಪ್ರಾಣಿ ಪಕ್ಷಿ ನೋಡಿಯೇ ಬದುಕಿದವರು. ಹಾಲಕ್ಕಿ ನುಡಿ ಕೇಳುತ್ತಿದ್ದರು. ಹಲ್ಲಿ ಲೊಚಗುಟ್ಟಿದರೆ ನಿಂತು ಹೋಗುತ್ತಿದ್ದರು. ಮೈಲಾರದ ಕಾರಣಿಕದಲ್ಲಿ ಗೊರವಯ್ಯ ಒಂದೇ ಮಾತು ಹೇಳಿ ಕೆಳಗೆ ಬೀಳುತ್ತಾನೆ, ನಾಡೆಲ್ಲ ಅದರ ಅರ್ಥ ಹುಡುಕುತ್ತದೆ. ನಮ್ಮ ಬಬಲಾದಿ ಮಠದ ಕಾಲಜ್ಞಾನ ಕೇಳಲು ಶಿವರಾತ್ರಿಗೆ ಎಷ್ಟು ಜನ ಸೇರುತ್ತಾರೆ ನೋಡಿ. ಅವರೆಲ್ಲ ದಡ್ಡರಾ?

ಇನ್ನೊಂದು ಮಾತು. ಚಿಪ್ಪುಹಂದಿ ಬಂದದ್ದು 2019ನೇ ವರ್ಷಕ್ಕೆ ಅಂತ ಮಾಡಿದ ಮುಖಪುಟದಲ್ಲಿ. 2020ರಲ್ಲಿ ಕೊರೊನಾ. ಆ ಕಾಯಿಲೆ ಚಿಪ್ಪುಹಂದಿಯಿಂದ ಬಂದಿರಬಹುದು ಅಂತ ಚೀನಾದ ವಿಜ್ಞಾನಿಗಳೇ ಹೇಳಿದರು. ಮೊದಲೇ ಗೊತ್ತಿಲ್ಲದೆ ಆ ಪ್ರಾಣಿಯನ್ನೇ ಯಾಕೆ ಹಾಕಿದರು? ಇದಕ್ಕೆ ಉತ್ತರ ಕೊಡಿ.

ಕುಂದಾನಗರಿ (ಬೆಳಗಾವಿ)

ಸೂಚನೆ ಅವರೇ, ಒಳ್ಳೆ ಪ್ರಶ್ನೆ. ನಾನು ಪತ್ರಿಕೆಯ ಫೋಟೊ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಚಿಪ್ಪುಹಂದಿಯಿಂದಲೇ ಶುರು ಮಾಡುತ್ತೇನೆ.

ಆ ಪತ್ರಿಕೆ ದಿ ಎಕನಾಮಿಸ್ಟ್. ಮುಖಪುಟ 2018ರ ಕೊನೆಗೆ ಬಂತು. ಪೂರ್ತಿ ಪುಟವನ್ನು ಒಮ್ಮೆ ನೋಡಿ. ಅದರಲ್ಲಿ ಚಿಪ್ಪುಹಂದಿ ಒಂದು ಮೂಲೆಯಲ್ಲಿದೆ. ಅದರ ಜತೆ ಪಾಂಡಾ ಇದೆ, ಆನೆ ಇದೆ, ಕುದುರೆ ಸವಾರರಿದ್ದಾರೆ, ಟ್ರಂಪ್ ಇದ್ದಾರೆ, ಪುಟಿನ್ ಇದ್ದಾರೆ, ನಮ್ಮ ಗಾಂಧೀಜಿಯೂ ಇದ್ದಾರೆ. 2019 ಗಾಂಧೀಜಿ ಹುಟ್ಟಿ 150 ವರ್ಷ ತುಂಬಿದ ವರ್ಷ. ನಿಮಗೆ ಬಂದ ಫಾರ್ವರ್ಡ್‌ನಲ್ಲಿ ಉಳಿದದ್ದೆಲ್ಲ ಕತ್ತರಿಸಿ ಚಿಪ್ಪುಹಂದಿ ಒಂದನ್ನೇ ದೊಡ್ಡದು ಮಾಡಿದ್ದಾರೆ. 2020ರಲ್ಲಿ ಆನೆಯಿಂದ ಏನೋ ಆಗಿದ್ದರೆ ಆನೆಯನ್ನು ದೊಡ್ಡದು ಮಾಡುತ್ತಿದ್ದರು, ಅಲ್ವಾ?

ಮತ್ತೆ, ಆಗ ಚಿಪ್ಪುಹಂದಿ ಸುದ್ದಿಯಲ್ಲೇ ಇತ್ತು. ಜಗತ್ತಿನಲ್ಲಿ ಅತಿ ಹೆಚ್ಚು ಕಳ್ಳಸಾಗಣೆ ಆಗುವ ಕಾಡುಪ್ರಾಣಿಗಳಲ್ಲಿ ಅದೂ ಒಂದು. 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ನಡೆದ ವನ್ಯಜೀವಿ ವ್ಯಾಪಾರ ಒಪ್ಪಂದದ ಸಭೆಯಲ್ಲಿ ಎಂಟೂ ಜಾತಿಯ ಚಿಪ್ಪುಹಂದಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿತ್ತು. ಚೀನಾದ ಗುವಾಂಗ್‌ಜೌನ ದಕ್ಷಿಣ ಚೀನಾ ಕೃಷಿ ವಿಶ್ವವಿದ್ಯಾಲಯದವರು ಚಿಪ್ಪುಹಂದಿಯ ಹೆಸರು ಹೇಳಿದ್ದು 2020ರ ಫೆಬ್ರುವರಿಯಲ್ಲಿ. ಅದು ಆಮೇಲೆ ಸಾಬೀತಾಗಲಿಲ್ಲ. ಫಾರ್ವರ್ಡ್ ಮಾಡಿದವರಿಗೆ ಅಷ್ಟು ಸುದ್ದಿ ಸಾಕಾಯಿತು, ಮುಂದಿನದ್ದು ಬೇಕಾಗಲಿಲ್ಲ.

ಇನ್ನು ಆ ಬಿಳಿ ಕುದುರೆ. 2024ರ ಏಪ್ರಿಲ್ 24ರಂದು ಬೆಳಿಗ್ಗೆ ಲಂಡನ್ನಿನಲ್ಲಿ ಸೇನೆಯ ಕುದುರೆಗಳನ್ನು ವ್ಯಾಯಾಮಕ್ಕೆ ಕರೆದುಕೊಂಡು ಹೋಗಿದ್ದರು. ಕಟ್ಟಡ ಕಟ್ಟುವ ಜಾಗದಲ್ಲಿ ಮೇಲಿಂದ ಸಾಮಾನು ಬಿದ್ದ ಸದ್ದಿಗೆ ಬೆದರಿದವು. ಸವಾರರನ್ನು ಕೆಡವಿ ಪೇಟೆಯಲ್ಲಿ ಓಡಿದವು, ಗಾಡಿಗಳಿಗೆ ಡಿಕ್ಕಿ ಹೊಡೆದವು. ಒಂದು ಬೂದು ಬಿಳಿ, ಒಂದು ಕಪ್ಪು. ಬಿಳಿಯದಕ್ಕೆ ರಕ್ತ. ಬೈಬಲ್ಲಿನ ಕೊನೆಯ ಭಾಗದಲ್ಲಿ ಬಿಳಿ, ಕೆಂಪು, ಕಪ್ಪು, ಮಾಸಲು ಬಣ್ಣದ ನಾಲ್ಕು ಕುದುರೆ ಬರುತ್ತವೆ. ಅದನ್ನು ಓದಿದವರ ಮನಸ್ಸು ಅಲ್ಲಿಗೆ ಹೋಯಿತು. ತಪ್ಪೇನಿಲ್ಲ. ಆದರೆ ಆ ಬಿಳಿ ಕುದುರೆಯ ಹೆಸರು ವೀಡಾ. ಚಿಕಿತ್ಸೆ ಆಗಿ ಚೇತರಿಸಿಕೊಂಡಿತು. ಈ ಫೋಟೊ ಯಾವ ಫಾರ್ವರ್ಡ್‌ನಲ್ಲಾದರೂ ನೋಡಿದ್ದೀರಾ?

ನಮ್ಮ ದೇಶದ್ದೇ ಒಂದು ಹೇಳುತ್ತೇನೆ. 2024ರ ಜೂನ್ 9ರಂದು ರಾಷ್ಟ್ರಪತಿ ಭವನದಲ್ಲಿ ಮಂತ್ರಿಗಳ ಪ್ರಮಾಣವಚನ. ಹಿಂದುಗಡೆ ಕಂಬಗಳ ನಡುವೆ ಒಂದು ಪ್ರಾಣಿ ನಡೆದು ಹೋಯಿತು. ರಾತ್ರೋರಾತ್ರಿ ಅದು ಚಿರತೆ ಆಯಿತು. ಒಬ್ಬರು ಶುಭ ಅಂದರು, ಇನ್ನೊಬ್ಬರು ಅಶುಭ ಅಂದರು. ಮರುದಿನ ದೆಹಲಿ ಪೊಲೀಸರು ಅದು ಸಾಮಾನ್ಯ ಬೆಕ್ಕು ಅಂತ ಹೇಳಿದರು. ಎರಡೂ ಅರ್ಥ ಕೊಟ್ಟವರು ಚಿರತೆಯನ್ನು ಆಗಲೇ ನೋಡಿ ಮುಗಿಸಿದ್ದರು.

ಪಶುವೈದ್ಯ (ಬಾಗಲಕೋಟೆ)

ಕೃಷ್ಣಮೃಗದ ವಿಷಯ ನಾನು ಹೇಳಲೇಬೇಕು. ಯಾಕಂದರೆ ಇದು ನಮ್ಮ ಕೊಟ್ಟಿಗೆಗೆ ಸಂಬಂಧಪಟ್ಟದ್ದು.

ಭೂತರಾಮನಹಟ್ಟಿಯ ಕಿತ್ತೂರು ರಾಣಿ ಚನ್ನಮ್ಮ ಮೃಗಾಲಯದಲ್ಲಿ 2025ರ ನವೆಂಬರ್‌ನಲ್ಲಿ ಕೆಲವೇ ದಿನಗಳಲ್ಲಿ 30ಕ್ಕೂ ಹೆಚ್ಚು ಕೃಷ್ಣಮೃಗ ಸತ್ತವು. ಮನಸ್ಸಿಗೆ ಬಹಳ ನೋವಾಯಿತು. ಪರೀಕ್ಷೆಯಲ್ಲಿ ಸಿಕ್ಕ ಕಾರಣ ಗಳಲೆ ರೋಗ. ಬ್ಯಾಕ್ಟೀರಿಯಾದಿಂದ ಬರುವ ಕಾಯಿಲೆ. ಜೋರು ಜ್ವರ, ಗಂಟಲು ಬಾವು, ಉಸಿರಾಟದ ತೊಂದರೆ. ಕೆಲವು ಪ್ರಾಣಿಗಳು ಲಕ್ಷಣ ಕಾಣುವ ಮೊದಲೇ ಸಾಯುತ್ತವೆ. ಒಂದೇ ಬೇಲಿಯೊಳಗೆ ಇರುವ ಹಿಂಡಿಗೆ ಬಂದರೆ ಒಂದರ ಹಿಂದೆ ಒಂದು ಬೀಳುತ್ತವೆ. ಅದನ್ನು ದೂರದಿಂದ ನೋಡಿದವರಿಗೆ ಶಾಪದ ಹಾಗೆ ಕಾಣುವುದು ಸಹಜ.

ಇದೇ ರೋಗ ನಿಮ್ಮ ಎಮ್ಮೆಗೂ ಬರುತ್ತದೆ, ದನಕ್ಕೂ ಬರುತ್ತದೆ. ಎಮ್ಮೆಗೆ ಇನ್ನೂ ಜಾಸ್ತಿ. ಅದಕ್ಕೇ ಮಳೆಗಾಲಕ್ಕೆ ಮುಂಚೆ ಹಳ್ಳಿಹಳ್ಳಿಗೆ ಹೋಗಿ ಲಸಿಕೆ ಹಾಕುತ್ತೇವೆ. ಕೃಷ್ಣಮೃಗ ಸತ್ತದ್ದು ಯಾವುದೋ ದೊಡ್ಡ ಘಟನೆಯ ಮುನ್ಸೂಚನೆ ಅಂತ ಹತ್ತು ಜನ ಹಂಚುವ ಬದಲು, ಗಳಲೆ ರೋಗ ನಮ್ಮ ಸೀಮೆಯಲ್ಲಿದೆ, ಎಮ್ಮೆಗೆ ಸೂಜಿ ಹಾಕಿಸಿ ಅಂತ ಒಬ್ಬರು ಹಂಚಿದ್ದರೆ ಒಂದಾದರೂ ಎಮ್ಮೆ ಉಳಿಯುತ್ತಿತ್ತು. ಸಿಟ್ಟಿನಿಂದ ಹೇಳುತ್ತಿಲ್ಲ. ಕೊಟ್ಟಿಗೆಯಲ್ಲಿ ಸತ್ತ ಎಮ್ಮೆಯ ಮುಂದೆ ಕುಳಿತ ಮನೆಯವರನ್ನು ನೋಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಇನ್ನೊಂದು ನೆನಪಿಸಿಕೊಳ್ಳಿ. 2022ರಲ್ಲಿ ದನಗಳಿಗೆ ಚರ್ಮಗಂಟು ರೋಗ ಬಂದಾಗ, ಆಫ್ರಿಕಾದಿಂದ ಚೀತಾ ತಂದದ್ದೇ ಕಾರಣ ಅಂತ ಮಾತು ಹಬ್ಬಿತು. ಎರಡೂ ಪ್ರಾಣಿ, ಎರಡಕ್ಕೂ ಮೈಮೇಲೆ ಚುಕ್ಕೆ. ನೋಡಿದರೆ ಹೊಂದುತ್ತದೆ. ಆದರೆ ಚೀತಾಗಳು ಮಧ್ಯಪ್ರದೇಶದ ಕುನೊ ಕಾಡಿಗೆ ಬಂದದ್ದು 2022ರ ಸೆಪ್ಟೆಂಬರ್ 17ಕ್ಕೆ. ಅದಕ್ಕೂ ಮೊದಲೇ ಗುಜರಾತ್, ರಾಜಸ್ಥಾನದಲ್ಲಿ ದನ ಸಾಯುತ್ತಿದ್ದವು. ಭಾರತದಲ್ಲಿ ಆ ರೋಗ ಮೊದಲು ಕಂಡದ್ದು 2019ರಲ್ಲಿ, ಒಡಿಶಾದಲ್ಲಿ. ಹರಡುವುದು ಸೊಳ್ಳೆ, ನೊಣ, ಉಣ್ಣೆಯಿಂದ. ಎರಡು ತಾರೀಖು ಪಕ್ಕಪಕ್ಕ ಇಟ್ಟು ನೋಡಿದ್ದರೆ ಆ ಮಾತು ಅಲ್ಲೇ ನಿಲ್ಲುತ್ತಿತ್ತು.

ಬಾದಾಮಿಯವ

ಗುಮ್ಮಟನಗರಿ ಸರ್, ಮಕ್ಕಳನ್ನು ನಮ್ಮೂರಿಗೆ ಕರೆದುಕೊಂಡು ಬನ್ನಿ. ನಾನು ಗುಹೆಗಳಲ್ಲಿ ಗೈಡ್.

ಒಂದನೇ ಗುಹೆಯಲ್ಲಿ 18 ಕೈಯ ನಟರಾಜನನ್ನು ನೋಡಿ ಎಲ್ಲರೂ ಮುಂದೆ ಹೋಗಿಬಿಡುತ್ತಾರೆ. ಅಲ್ಲೇ ತ್ರಿಶೂಲ ಹಿಡಿದ ದ್ವಾರಪಾಲಕನಿದ್ದಾನೆ. ಅವನ ಕೆಳಗೆ ಎರಡು ಪ್ರಾಣಿಯ ಮೈ, ಒಂದೇ ತಲೆ. ನಾನು ಅಂಗೈಯಿಂದ ಒಂದು ಮೈ ಮುಚ್ಚಿ ತೋರಿಸುತ್ತೇನೆ, ಕಲ್ಲಿಗೆ ಕೈ ತಾಗಿಸದೆ. ಆಗ ಆನೆ ಕಾಣುತ್ತದೆ. ಇನ್ನೊಂದು ಮೈ ಮುಚ್ಚಿದರೆ ಅದೇ ತಲೆ ಗೂಳಿ ಆಗುತ್ತದೆ. ಮಕ್ಕಳು "ಇನ್ನೊಮ್ಮೆ ತೋರಿಸ್ರಿ" ಅನ್ನುತ್ತಾರೆ. ದೊಡ್ಡವರೂ ಅನ್ನುತ್ತಾರೆ.

ಇದು ಬಚ್ಚಿಟ್ಟ ಚಿತ್ರವೇ. ಶಿಲ್ಪಿ ಬೇಕಂತಲೇ ಇಟ್ಟದ್ದು. ನಮಗೆ ಹೇಗೆ ಗೊತ್ತು? ಎರಡೂ ಮೈಗಳನ್ನು ಪೂರ್ತಿ ಕೆತ್ತಿದ್ದಾನೆ. ಯಾರು ಬಂದು ನೋಡಿದರೂ ಅದೇ ಎರಡು ಪ್ರಾಣಿ ಕಾಣುತ್ತವೆ. ಸುಮಾರು 600 ವರ್ಷ ಆದ ಮೇಲೆ ತಮಿಳುನಾಡಿನ ದಾರಾಸುರಂ ಗುಡಿಯಲ್ಲಿ ಬೇರೆ ಶಿಲ್ಪಿಗಳು ಇದೇ ಜೋಡಿ ಕೆತ್ತಿದ್ದಾರೆ. ಅಂದರೆ ಅದು ಶಿಲ್ಪಿಗಳ ನಡುವೆ ಗೊತ್ತಿದ್ದ ಆಟ.

ಮೇಲೆ ಮೂರನೇ ಗುಹೆಗೆ ಹೋದರೆ ವರಾಹ ಭೂದೇವಿಯನ್ನು ಎತ್ತಿ ಹಿಡಿದಿದ್ದಾನೆ. ಆ ಗುಹೆಯಲ್ಲಿ ಚಾಲುಕ್ಯರ ಮಂಗಲೇಶ ಬರೆಸಿದ ಶಾಸನ ಇದೆ, ಕ್ರಿ.ಶ. 578ರದು. ವರಾಹ ಬರೀ ದೇವರಲ್ಲ, ರಾಜಮನೆತನದ ಗುರುತೂ ಹೌದು ಅಂತ ನಾವು ಊಹೆ ಮಾಡಿ ಹೇಳುವುದಿಲ್ಲ. ಚಾಲುಕ್ಯರು ತಮ್ಮ ತಾಮ್ರಪಟಗಳಲ್ಲೇ "ಭಗವನ್ನಾರಾಯಣ ಪ್ರಸಾದ ಸಮಾಸಾದಿತ ವರಾಹಲಾಂಛನ" ಎಂದು ಬರೆಸಿದ್ದಾರೆ. ನಾರಾಯಣನ ದಯೆಯಿಂದ ವರಾಹದ ಗುರುತು ಪಡೆದವರು ನಾವು ಅಂತ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ?

ನಿಮ್ಮ ಫಾರ್ವರ್ಡ್‌ಗೆ ಶಾಸನ ಎಲ್ಲಿದೆ ಅಂತ ಕೇಳಿ. ಯಾರು ಮಾಡಿದರು, ಯಾವಾಗ, ಯಾರಿಗಾಗಿ?

ಜೋಳದರೊಟ್ಟಿ (ಇಂಡಿ)

ಬಾದಾಮಿ ಅಣ್ಣಾ, ಆ ಆನೆ-ಗೂಳಿ ನಾನು ಇಷ್ಟು ವರ್ಷ ನೋಡಿಯೇ ಇರಲಿಲ್ಲ. ಮುಂದಿನ ಸಲ ಬಂದಾಗ ಖಂಡಿತ ನೋಡುತ್ತೇನೆ.

ಸೂಚನೆ (ಜಮಖಂಡಿ)

ಎಲ್ಲರಿಗೂ ಧನ್ಯವಾದ, ಬೈಯದೆ ಬರೆದದ್ದಕ್ಕೆ. ಒಂದೊಂದಾಗಿ ತೆಗೆದುಕೊಂಡರೆ ನಿಮ್ಮ ಮಾತು ಸರಿ ಇರಬಹುದು. ನನ್ನ ಪ್ರಶ್ನೆ ಬೇರೆ. ಇಷ್ಟೆಲ್ಲ ಒಟ್ಟಿಗೆ ಯಾಕೆ ಆಗುತ್ತಿವೆ? 2025ರ ಜನವರಿ ಕೊನೆಗೆ ಸ್ಪೇನಿನ ಟೆನೆರಿಫ್ ದ್ವೀಪದ ಹತ್ತಿರ ಆಳದ ಕಪ್ಪು ಮೀನು ಹಗಲಲ್ಲಿ ಮೇಲೆ ಬಂತು. ಫೆಬ್ರುವರಿಯಲ್ಲಿ ಮೆಕ್ಸಿಕೊ ತೀರಕ್ಕೆ ಉದ್ದನೆಯ ಓರ್ ಮೀನು ಬಂತು. ಓರ್ ಮೀನು ಬಂದರೆ ಭೂಕಂಪ ಆಗುತ್ತದೆ ಅಂತ ಜಪಾನಿನವರು ನಂಬುತ್ತಾರೆ. ನಮ್ಮ ವಿಜಯಪುರ ಜಿಲ್ಲೆಯಲ್ಲೂ ಆಗಾಗ ಭೂಮಿ ನಡುಗುತ್ತದೆ. ಒಂದಾದರೆ ಕಾಕತಾಳೀಯ. ಇಷ್ಟೊಂದು?

ಘಟಪ್ರಭಾ (ಗೋಕಾಕ)

ಸೂಚನೆ ಅವರೇ, ನಾನು ಸಂಖ್ಯಾಶಾಸ್ತ್ರದ ವಿದ್ಯಾರ್ಥಿನಿ. ಈ ಪ್ರಶ್ನೆಯನ್ನು ಜಪಾನಿನವರೇ ಕೂತು ಎಣಿಸಿ ನೋಡಿದ್ದಾರೆ. 2019ರಲ್ಲಿ ಆ ಲೆಕ್ಕ ಪ್ರಕಟವಾಯಿತು. 1928ರಿಂದ 2011ರವರೆಗೆ ಆಳದ ಮೀನು ಕಂಡ 336 ದಾಖಲೆ, ಜತೆಗೆ 221 ಭೂಕಂಪ. ಎರಡನ್ನೂ ಹೊಂದಿಸಿದಾಗ ಕೂಡಿ ಬಂದದ್ದು ಒಂದೇ ಒಂದು. ಉಳಿದ ಮೀನುಗಳು ಬಂದವು, ಏನೂ ಆಗಲಿಲ್ಲ. ಅವುಗಳ ಫೋಟೊಕ್ಕೆ ಯಾರೂ ಬಾಣ ಹಾಕಲಿಲ್ಲ.

ಇನ್ನೊಂದು ಕಡೆಯಿಂದ ನೋಡಿ. 6ಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪ ಜಗತ್ತಿನಲ್ಲಿ ವರ್ಷಕ್ಕೆ ನೂರಕ್ಕೂ ಜಾಸ್ತಿ ಆಗುತ್ತವೆ. ಅಂದರೆ ಯಾವ ದಿನ ಮೀನು ಬಂದರೂ, ಒಂದು ವಾರ ಕಾದರೆ ಎಲ್ಲೋ ಒಂದು ಭೂಕಂಪ ಸಿಕ್ಕೇ ಸಿಗುತ್ತದೆ. ಎಲ್ಲಿ, ಯಾವಾಗ, ಎಷ್ಟು ಅಂತ ಮೊದಲೇ ಹೇಳದಿದ್ದರೆ ಯಾವುದು ಬೇಕಾದರೂ ಹೊಂದುತ್ತದೆ.

"ಇಷ್ಟೊಂದು ಒಟ್ಟಿಗೆ" ಎಂಬುದಕ್ಕೆ ನನಗೆ ತುಂಬಾ ಹಿಡಿಸಿದ ಉದಾಹರಣೆ ಅಮೆರಿಕದ ಬೀಬಿ ಎಂಬ ಸಣ್ಣ ಊರಿನದು. 2010ರ ಡಿಸೆಂಬರ್ 31ರ ರಾತ್ರಿ ಅಲ್ಲಿ ಸುಮಾರು 5,000 ಕಪ್ಪು ಹಕ್ಕಿಗಳು ಆಕಾಶದಿಂದ ಬಿದ್ದು ಸತ್ತವು. ಅದೇ ವಾರ ಅದೇ ರಾಜ್ಯದ ನದಿಯಲ್ಲಿ ರಾಶಿ ಮೀನು ಸತ್ತವು. ಲೂಯಿಸಿಯಾನಾದಲ್ಲಿ ಹಕ್ಕಿ, ಸ್ವೀಡನ್ನಿನಲ್ಲಿ ಹಕ್ಕಿ. ಇಂಟರ್ನೆಟ್ಟಿನಲ್ಲಿ ಜನ ಜಗತ್ತಿನ ನಕ್ಷೆ ತೆಗೆದು ಒಂದೊಂದಕ್ಕೂ ಗುರುತು ಹಾಕಿದರು. ನಕ್ಷೆ ತುಂಬಿಹೋಯಿತು. ಪ್ರಳಯ ಬಂತು ಅಂದರು. ಬೀಬಿಯಲ್ಲಿ ಆದದ್ದು ಇಷ್ಟು: ಹೊಸ ವರ್ಷದ ಪಟಾಕಿ ಸದ್ದಿಗೆ ಮಲಗಿದ್ದ ಹಕ್ಕಿಗಳು ಕತ್ತಲಲ್ಲಿ ಎದ್ದು ಹಾರಿದವು. ಆ ಹಕ್ಕಿಗಳಿಗೆ ರಾತ್ರಿ ಕಣ್ಣು ಸರಿಯಾಗಿ ಕಾಣುವುದಿಲ್ಲ. ಮನೆ, ಮರ, ಕಂಬಕ್ಕೆ ಬಡಿದು ಬಿದ್ದವು. ಹೀಗೆ ಹಕ್ಕಿ ಮೀನು ಗುಂಪಾಗಿ ಸಾಯುವುದು ಪ್ರತಿ ವರ್ಷ ಎಷ್ಟೋ ಕಡೆ ಆಗುತ್ತದೆ. ಅಲ್ಲಿನ ಸರ್ಕಾರಿ ವನ್ಯಜೀವಿ ಆರೋಗ್ಯ ಕೇಂದ್ರ ಅದನ್ನು ಮೊದಲಿನಿಂದಲೂ ದಾಖಲಿಸುತ್ತಲೇ ಇತ್ತು. ಆ ವಾರ ಹೊಸದಾಗಿ ಆದದ್ದು ಒಂದೇ, ಎಲ್ಲರೂ ಒಮ್ಮೆಲೇ ಹುಡುಕಲು ಕೂತದ್ದು.

ಹೊಸ ಸೀರೆ ತಗೊಂಡ ಮೇಲೆ ಊರೆಲ್ಲ ಅದೇ ಬಣ್ಣದ ಸೀರೆ ಕಾಣುತ್ತದಲ್ಲ, ಹಾಗೆ.

ಕೃಷ್ಣಾತೀರ (ರಾಯಬಾಗ)

ನಾನು ರೈತ. ಬರೆದು ರೂಢಿ ಕಡಿಮೆ. ಆದರೂ ಎರಡು ಮಾತು.

2019ರ ಆಗಸ್ಟ್ ಮಹಾಪೂರದಲ್ಲಿ ಮನೆ ಹಂಚಿನ ಮೇಲೆ ಮೊಸಳೆ ಕೂತ ವಿಡಿಯೋ ದೇಶವೆಲ್ಲ ನೋಡಿತು. ಅದು ನಮ್ಮ ತಾಲ್ಲೂಕಿನದು. ಮೊಸಳೆ ಗಂಗೆಯ ವಾಹನ, ತಾಯಿ ಮುನಿದಿದ್ದಾಳೆ ಅಂತ ಆಗಲೂ ಫಾರ್ವರ್ಡ್ ಬಂದವು. ನಮಗೆ ಅದರಲ್ಲಿ ಕಂಡದ್ದು ಬೇರೆ. ಕೃಷ್ಣೆಯಲ್ಲಿ ಮೊಸಳೆ ಮೊದಲಿನಿಂದ ಇವೆ. ಹಂಚಿನ ಮೇಲೆ ಬಂದು ಕೂತಿದೆ ಅಂದರೆ ನೀರು ಅಷ್ಟು ಎತ್ತರ ಏರಿದೆ, ಮತ್ತೆ ಮೊಸಳೆ ನೀರಿನ ಜತೆ ಊರೊಳಗೆ ಬಂದಿದೆ. ನೀರು ಇಳಿದ ಮೇಲೆ ಕಬ್ಬಿನ ಗದ್ದೆಗೆ ಕೈಬೀಸಿಕೊಂಡು ಇಳಿಯಬಾರದು. ಕೋಲು ಬಡಿಯುತ್ತಾ, ಇಬ್ಬರು ಮೂವರು ಸೇರಿ ಇಳಿಯಬೇಕು. ಆ ಮೊಸಳೆಯಿಂದ ನಾವು ತಿಳಿದದ್ದು ಇದು, ನಮಗೆ ಉಪಯೋಗಕ್ಕೂ ಬಂತು.

ಇನ್ನು ಹಿರಿಯರ ಶಕುನದ ಮಾತು. ತಮ್ಮ ಸೂಚನೆ ಹೇಳಿದ್ದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹಿರಿಯರು ಮಾಡಿದ ರೀತಿ ನೋಡು. ಕಾರಹುಣ್ಣಿಮೆ ದಿನ ಕರಿ ಹರಿಯುತ್ತೇವೆ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ ಚೆನ್ನ, ಕೆಂದೆತ್ತು ಮುಂದೆ ಬಂದರೆ ಮುಂಗಾರಿ ಚೆನ್ನ ಅಂತಾರೆ. ಊರಿಂದ ಊರಿಗೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತದೆ. ಆದರೆ ಎತ್ತು ಓಡುವ ಮೊದಲೇ ಊರವರಿಗೆಲ್ಲ ಆ ಮಾತು ಗೊತ್ತಿರುತ್ತದೆ. ಓಡಿದ ಮೇಲೆ ಯಾರೂ ಬದಲಾಯಿಸುವ ಹಾಗಿಲ್ಲ.

ಮಳೆ ನಕ್ಷತ್ರದ ವಾಹನವೂ ಹಾಗೇ. ಸೊಲ್ಲಾಪುರದ ಪಂಚಾಂಗದಲ್ಲಿ ಮೃಗಶಿರಕ್ಕೆ ಇದು, ಆರಿದ್ರಕ್ಕೆ ಇದು ಅಂತ ವರ್ಷ ಶುರುವಾಗುವ ಮೊದಲೇ ಅಚ್ಚಾಗಿ ಬಂದಿರುತ್ತದೆ. ಮನಸ್ಸಿಗೆ ಬಂದ ಪ್ರಾಣಿ ಹಾಕುವುದಿಲ್ಲ. ಸೂರ್ಯನ ನಕ್ಷತ್ರದಿಂದ ಚಂದ್ರನ ನಕ್ಷತ್ರದವರೆಗೆ ಎಣಿಸಿ 9ರಿಂದ ಭಾಗಿಸುತ್ತಾರೆ. ಶೇಷ 1 ಬಂದರೆ ಕುದುರೆ, 2 ನರಿ, 3 ಕಪ್ಪೆ, 4 ಕುರಿ, 5 ನವಿಲು, 6 ಇಲಿ, 7 ಎಮ್ಮೆ, 8 ಕತ್ತೆ, ಶೇಷ ಉಳಿಯದಿದ್ದರೆ ಆನೆ. ಕಪ್ಪೆ, ಎಮ್ಮೆ, ಆನೆ ಬಂದರೆ ಮಳೆ ಜಾಸ್ತಿ ಅಂತ. ಕಪ್ಪೆ ಇದ್ದೂ ಮಳೆ ಬರದ ವರ್ಷ ನಮ್ಮಪ್ಪ "ಈ ಸಲ ಕಪ್ಪೆ ಕೈಕೊಟ್ಟಿತು" ಅನ್ನುತ್ತಿದ್ದರು. ಸುಳ್ಳಾಯಿತು ಅಂತ ಒಪ್ಪಲು ಅಲ್ಲಿ ಜಾಗ ಇತ್ತು. ನೀವು ಕಳಿಸಿದ ಚಿತ್ರ ಯಾವಾಗ ಸುಳ್ಳಾಗುತ್ತದೆ ಹೇಳು. ಅದು ಏನನ್ನೂ ಹೇಳಿಯೇ ಇಲ್ಲವಲ್ಲ.

ಕುಂದಾನಗರಿ (ಬೆಳಗಾವಿ)

ಕೃಷ್ಣಾತೀರ ಕಾಕಾ, ಬಹಳ ಚೆನ್ನಾಗಿ ಹೇಳಿದ್ದೀರಿ.

ನಮ್ಮೂರ ಗಾಲ್ಫ್ ಮೈದಾನದ ಚಿರತೆಯೂ ನೆನಪಾಯಿತು. 2022ರ ಆಗಸ್ಟ್. ಶಾಲೆಗಳಿಗೆ ರಜೆ ಕೊಟ್ಟಿದ್ದರು, ಸಕ್ರೆಬೈಲಿನಿಂದ ಆನೆ ತರಿಸಿದ್ದರು. ಚಿರತೆ ನಿಜ, ಭಯವೂ ನಿಜ. ಅದರ ನಡುವೆ ನಮ್ಮ ಡೆಸ್ಕಿಗೆ ಬರುತ್ತಿದ್ದ ವಿಡಿಯೋಗಳಲ್ಲಿ ಎಷ್ಟೋ ಬೇರೆ ಊರಿನವು. ಆಗ ನಾವು ಮಾಡುತ್ತಿದ್ದದ್ದನ್ನು ಸರ್ ಮಕ್ಕಳಿಗೆ ಹೇಳಬಹುದು. ವಿಡಿಯೋ ನಿಲ್ಲಿಸಿ ಪ್ರಾಣಿಯನ್ನು ಬಿಟ್ಟು ಅದರ ಹಿಂದೆ ನೋಡಿ. ಗೋಡೆಯ ಮೇಲಿನ ಬರಹ ಯಾವ ಭಾಷೆ? ಗಾಡಿಯ ನಂಬರ್ ಪ್ಲೇಟ್ ಯಾವ ರಾಜ್ಯದ್ದು? ಬೆಳಗಾವಿಯಲ್ಲಿ ಆಗಸ್ಟ್ ಅಂದರೆ ಜಡಿಮಳೆ, ಹಸಿರೋ ಹಸಿರು. ವಿಡಿಯೋದಲ್ಲಿ ಒಣಹುಲ್ಲು ಇದ್ದರೆ ಅದು ನಮ್ಮದಲ್ಲ. ಆಮೇಲೆ ಒಂದು ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಹಳೆಯದಾದರೆ ಎಷ್ಟೋ ಸಲ ಅಲ್ಲೇ ಸಿಗುತ್ತದೆ. ಈಗ ಎಐ ಚಿತ್ರಗಳು ಬಂದಿವೆ, ಅವಕ್ಕೆ ಹಳೆಯದು ಸಿಗುವುದಿಲ್ಲ. ಹಾಗಾಗಿ ಮೊದಲು ಹಾಕಿದವರು ಯಾರು, ಸ್ಥಳದಲ್ಲಿ ಇದ್ದವರಾ ಅಂತ ಕೇಳುವುದು ಇನ್ನೂ ಮುಖ್ಯ.

ಮಲಪ್ರಭಾ (ಸವದತ್ತಿ)

ನೀವೆಲ್ಲ ತಿಳಿದವರು ಬರೆಯುತ್ತಿದ್ದೀರಿ, ಅದಕ್ಕೆ ಕೇಳುತ್ತೇನೆ. ನನ್ನ ತಮ್ಮ ಇಂಥ ಚಿತ್ರಗಳಿಂದಲೇ ಶುರು ಮಾಡಿದ. ಗೂಬೆ ಎಲ್ಲಿ ಕಂಡರೂ ಬರೆದಿಡುತ್ತಿದ್ದ. ಮೊದಮೊದಲು ಹವ್ಯಾಸ ಅಂದುಕೊಂಡೆವು. ಈಗ ರಾತ್ರಿ ಮಲಗುವುದಿಲ್ಲ. ಟಿವಿಯಲ್ಲಿ ಸುದ್ದಿ ಓದುವವರು ತನಗೇ ಸನ್ನೆ ಮಾಡುತ್ತಾರೆ ಅನ್ನುತ್ತಾನೆ. ಅಂಗಳಕ್ಕೆ ನಾಯಿ ಬಂದರೆ ಯಾರೋ ಕಳಿಸಿದ್ದಾರೆ ಅನ್ನುತ್ತಾನೆ. ಊಟ ಬಿಟ್ಟಿದ್ದಾನೆ. ಮನೆಯಲ್ಲಿ ವಾದ ಮಾಡಿ ಮಾಡಿ ಸಾಕಾಯಿತು. ಏನು ಹೇಳಿದರೆ ಒಪ್ಪುತ್ತಾನೆ?

ದಾದಿಯಕ್ಕ (ಬೈಲಹೊಂಗಲ)

ಮಲಪ್ರಭಾ, ತಂಗೀ, ಮೊದಲು ವಾದ ನಿಲ್ಲಿಸಿ. ಇದು ಮೇಲಿನವರೆಲ್ಲ ಮಾತಾಡುತ್ತಿರುವ ವಿಷಯ ಅಲ್ಲ. ಫಾರ್ವರ್ಡ್ ನಂಬುವುದು ಒಂದು. ಎಲ್ಲವೂ ತನಗೇ ಹೇಳುತ್ತಿದೆ ಅನ್ನಿಸುವುದು, ನಿದ್ದೆ ಹೋಗುವುದು, ಊಟ ಬಿಡುವುದು, ಇದು ಕಾಯಿಲೆಯ ಲಕ್ಷಣ ಇರಬಹುದು. ಜರ್ಮನಿಯ ಮನೋವೈದ್ಯ ಕ್ಲಾಸ್ ಕೊನ್ರಾಡ್ 1958ರಲ್ಲೇ ಇದನ್ನು ವಿವರಿಸಿ ಬರೆದಿದ್ದಾರೆ. ಮನಸ್ಸಿನ ಕೆಲವು ದೊಡ್ಡ ಕಾಯಿಲೆಗಳು ಶುರುವಾಗುವಾಗ ಸುತ್ತಲಿನ ಸಣ್ಣಪುಟ್ಟದ್ದಕ್ಕೆಲ್ಲ ವಿಶೇಷ ಅರ್ಥ ಇದೆ ಅನ್ನಿಸುತ್ತದೆ. ಅವನು ಬೇಕಂತ ಹಾಗೆ ಮಾಡುತ್ತಿಲ್ಲ. ಅವನಿಗೆ ನಿಜವಾಗಿ ಭಯ ಇದೆ.

ಅವನ ಮಾತು ಸುಳ್ಳು ಅಂತ ಸಾಧಿಸಲು ಹೋಗಬೇಡಿ, ಹೌದು ಅಂತ ತಲೆಯಾಡಿಸಲೂ ಬೇಡಿ. "ನಿನಗೆ ನಿದ್ದೆ ಇಲ್ಲ, ಹೆದರಿಕೆ ಆಗುತ್ತಿದೆ, ನಿದ್ದೆಗಾದರೂ ಡಾಕ್ಟರ್ ಹತ್ತಿರ ಹೋಗೋಣ" ಅನ್ನಿ. ನಿದ್ದೆಯ ಮಾತಿಗೆ ಬಹಳ ಜನ ಒಪ್ಪುತ್ತಾರೆ. ನಿಮಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ, ಅದು ಸರ್ಕಾರಿ ಮಾನಸಿಕ ಆಸ್ಪತ್ರೆ. ಅದಕ್ಕೂ ಮೊದಲು ಮಾತಾಡಬೇಕು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416. ಯಾವ ಹೊತ್ತಿಗೂ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ. ಮನೆಯವರೂ ಮಾಡಬಹುದು. ತನಗೆ ಅಥವಾ ಇನ್ನೊಬ್ಬರಿಗೆ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ಕಾಯಬೇಡಿ, ಅದೇ ದಿನ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಚಿಕಿತ್ಸೆ ಬೇಗ ಶುರುವಾದಷ್ಟು ಒಳ್ಳೆಯದು. ನನಗೆ ಖಾಸಗಿಯಾಗಿ ಬರೆಯಿರಿ, ಹೊರರೋಗಿ ವಿಭಾಗಕ್ಕೆ ಹೋಗುವುದು ಹೇಗೆ, ಏನೇನು ಕಾಗದ ಬೇಕು ಎಲ್ಲ ಹೇಳುತ್ತೇನೆ.

ಮಲಪ್ರಭಾ (ಸವದತ್ತಿ)

ಬರೆದಿದ್ದೇನೆ ಅಕ್ಕಾರೆ. ನಿದ್ದೆಯ ಮಾತು ನಮಗೆ ಹೊಳೆದೇ ಇರಲಿಲ್ಲ. ಇವತ್ತೇ ಅಪ್ಪನ ಜತೆ ಮಾತಾಡುತ್ತೇನೆ.

ಸೂಚನೆ (ಜಮಖಂಡಿ)

ಮಲಪ್ರಭಾ ಅಕ್ಕಾ, ನಿಮ್ಮ ತಮ್ಮ ಬೇಗ ಗುಣವಾಗಲಿ.

ಉಳಿದವರಿಗೆ: ಬಬಲಾದಿಯ ಮೇಲಿನ ನನ್ನ ಭಕ್ತಿ ಹಾಗೇ ಇರುತ್ತದೆ, ಪ್ರಕೃತಿ ನಮಗೆ ಏನನ್ನೋ ಹೇಳುತ್ತದೆ ಅನ್ನುವ ನಂಬಿಕೆಯೂ ಇರುತ್ತದೆ. ಆದರೆ ಕೃಷ್ಣಾತೀರ ಕಾಕಾ ಕೇಳಿದ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ. ಆ ಚಿತ್ರ ಯಾವಾಗ ಸುಳ್ಳಾಗುತ್ತದೆ? ಆ ಮೂರು ಗುಂಪುಗಳಿಗೂ ಗಳಲೆ ರೋಗದ ಲಸಿಕೆಯ ಮಾಹಿತಿ ಕಳಿಸಬೇಕು ಅಂದುಕೊಂಡಿದ್ದೇನೆ. ಡಾಕ್ಟರೇ, ಯಾವ ತಿಂಗಳು, ಎಷ್ಟು ವಯಸ್ಸಿನ ಕರುವಿಗೆ, ಎಲ್ಲಿ ಹಾಕುತ್ತಾರೆ ಅಂತ ನಾಲ್ಕು ಸಾಲು ಬರೆದುಕೊಡಿ.

ಪಶುವೈದ್ಯ (ಬಾಗಲಕೋಟೆ)

ಬರೆದುಕೊಡುತ್ತೇನೆ. ಆರು ತಿಂಗಳು ದಾಟಿದ ಕರುಗಳಿಗೆ ಹಾಕಿಸಬೇಕು, ಮಳೆಗಾಲ ಶುರುವಾಗುವ ಮೊದಲು, ಪ್ರತಿ ವರ್ಷ. ನಿಮ್ಮ ಹತ್ತಿರದ ಪಶು ಆಸ್ಪತ್ರೆಯಲ್ಲಿ ಹೆಸರು ಹೇಳಿಬಿಡಿ, ನಿಮ್ಮ ಓಣಿಗೆ ಬರುವ ದಿನ ತಿಳಿಸುತ್ತಾರೆ. ಗಬ್ಬದ ಎಮ್ಮೆ ಇದ್ದರೆ, ಜ್ವರ ಬಂದ ದನ ಇದ್ದರೆ ಮೊದಲೇ ಹೇಳಬೇಕು. ಫೋಟೊ ಹಾಕುವುದಾದರೆ ಸತ್ತ ಪ್ರಾಣಿಯದು ಬೇಡ. ಲಸಿಕೆ ಹಾಕಿಸಿಕೊಳ್ಳುತ್ತಿರುವ ಎಮ್ಮೆಯದು ಕಳಿಸುತ್ತೇನೆ.

ಗುಮ್ಮಟನಗರಿ (ವಿಜಯಪುರ)

ಎಲ್ಲರಿಗೂ ನಮಸ್ಕಾರ. ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಸೂಚನೆ ಅವರೇ, ನಿಮಗೊಂದು ಕೆಲಸ ಕೇಳಲಾ? ಮೃಗಶಿರ ಮಳೆಗೆ ಈ ವರ್ಷ ಪಂಚಾಂಗದಲ್ಲಿ ಯಾವ ವಾಹನ ಇದೆ, ಕಾರಹುಣ್ಣಿಮೆಗೆ ನಿಮ್ಮೂರಲ್ಲಿ ಯಾವ ಎತ್ತು ಮುಂದೆ ಬರುತ್ತದೆ, ಇವನ್ನು ಇಲ್ಲೇ ತಾರೀಖು ಹಾಕಿ ಬರೆಯಿರಿ. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಶಾಲೆಯ ಅಂಗಳದಲ್ಲಿ ಮಳೆ ಅಳೆದು ಬರೆದಿಡುತ್ತಾರೆ. ದೀಪಾವಳಿ ಹೊತ್ತಿಗೆ ಎರಡನ್ನೂ ಪಕ್ಕಪಕ್ಕ ಹಾಕೋಣ. ಬಾದಾಮಿಯವರೇ, ಪ್ರವಾಸದ ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ. 62 ಮಕ್ಕಳು.

ಸೂಚನೆ (ಜಮಖಂಡಿ)

ಆಗಲಿ ಸರ್. ಆದರೆ ಒಂದು ಷರತ್ತು. ಹೊಂದಿಕೆಯಾದರೂ ಆಗದಿದ್ದರೂ ಎಲ್ಲ ನಕ್ಷತ್ರಗಳದ್ದೂ ಹಾಕಬೇಕು, ಮೃಗಶಿರ ಒಂದೇ ಅಲ್ಲ.

ಘಟಪ್ರಭಾ (ಗೋಕಾಕ)

ಆ ಷರತ್ತು ಸರಿಯಾಗಿದೆ. ಪಟ್ಟಿ ಮಾಡುವ ಕೆಲಸ ನನಗೆ ಬಿಡಿ.